ಅಲ್ಪವೆಂಬ ಅಪವಾದ

ಜಯನಗರದ ಹಳೆಯ ಮನೆಗಳನ್ನು ಕೆಡವಿದ ನಿವೇಶನಗಳಲ್ಲಿ ಎದ್ದುನಿಂತ ವಸತಿ ಸಮುಚ್ಚಯಗಳಿಂದ ಮೊದಲುಗೊಂಡು, ಜೆ.ಪಿ. ನಗರದ ಕೊನೆಯ ಹಂತಗಳನ್ನು ದಾಟಿ ಕನಕಪುರ ರಸ್ತೆಯ ಉದ್ದಕ್ಕೂ ಹಬ್ಬಿರುವ ಹೊಸ ಕಟ್ಟಡಗಳವರೆಗೆ, ಬ್ಯಾಂಕಿನ ಸಾಲದಿಂದ ಸ್ವಂತ ಸೂರನ್ನು ಸಂಪಾದಿಸಿಕೊಂಡಿರುವ ಸಹಸ್ರಾರು ಸಂಸಾರಗಳಲ್ಲಿ ಇಂದು ಒಂದು ಅಭಿಪ್ರಾಯವು ಪ್ರಶ್ನಾತೀತವಾದ ಸಿದ್ಧಾಂತದಂತೆ ನೆಲೆಯೂರಿದೆ. ತಿಂಗಳಿಗೆ ನಲವತ್ತು ಐವತ್ತು ಸಾವಿರ ರೂಪಾಯಿ ಕಂತು ಕಟ್ಟುವವನು ಕೊತ್ತಂಬರಿ ಕಟ್ಟಿನ ಲೆಕ್ಕ ನೋಡುವುದು ವ್ಯರ್ಥ, ಅಡುಗೆಮನೆಯಲ್ಲಿ ಉಳಿಸಿದ ಕಾಸಿನಿಂದ ಇದುವರೆಗೆ ಯಾರ ಮನೆಸಾಲವೂ ತೀರಿಲ್ಲ, ಸಾಲ ತೀರಬೇಕಾದರೆ ಸಂಪಾದನೆ ಬೆಳೆಯಬೇಕೇ ಹೊರತು ಸಾರಿನ ಪಾತ್ರೆ ಚಿಕ್ಕದಾಗಬೇಕಾಗಿಲ್ಲ ಎಂಬುದೇ ಆ ಅಭಿಪ್ರಾಯ. ಗೃಹಪ್ರವೇಶದ ಪಂಕ್ತಿಯಲ್ಲಿ, ಕಚೇರಿಯ ಕ್ಯಾಂಟೀನಿನಲ್ಲಿ, ಸಂಜೆ ಉದ್ಯಾನದಲ್ಲಿ ವಾಯುವಿಹಾರ ಮಾಡುವವರ ನಡುವೆ, ವಿದ್ಯಾವಂತರೂ ವಿವೇಕಿಗಳೂ ಆದವರ ಬಾಯಿಂದಲೇ ಈ ಮಾತು ಕೇಳಿಬರುತ್ತದೆ, ಎಲ್ಲರೂ ತಲೆದೂಗುತ್ತಾರೆ. ಈ ಅಭಿಪ್ರಾಯವು ಲೆಕ್ಕದಲ್ಲಿಯೂ ತಪ್ಪು, ನೀತಿಯಲ್ಲಿಯೂ ತಪ್ಪು ಎಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಆ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆನ್ನುವುದು ನ್ಯಾಯವಾಗಲಾರದು. ಗೃಹಸ್ಥನ ಋಣಭಾರವನ್ನು ಮುಖ್ಯವಾಗಿ ನಿರ್ಣಯಿಸುವುದು ಆತನು ಎಷ್ಟು ಬೆಲೆಯ ಮನೆಯನ್ನು, ಎಷ್ಟು ಕೈಹಣ ಹಾಕಿ, ಯಾವ ಬಡ್ಡಿಗೆ ಕೊಂಡನೆಂಬುದೇ. ಮೂರು ಕೋಣೆಯ ಮನೆಗೆ ಬದಲಾಗಿ ಎರಡು ಕೋಣೆಯದನ್ನು ಕೊಂಡಿದ್ದರೆ ಉಳಿಯುತ್ತಿದ್ದ ಮೊತ್ತವನ್ನು, ಹತ್ತು ವರ್ಷ ಸಾರಕ್ಕಿ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿದರೂ ಯಾರೂ ಉಳಿಸಲಾರರು. ಆದರೆ ಆ ನಿರ್ಣಯಗಳೆಲ್ಲ ಕರಾರುಪತ್ರಕ್ಕೆ ಸಹಿ ಬಿದ್ದ ದಿನವೇ ಮುಗಿದುಹೋದವು. ಅಲ್ಲಿಂದ ಮುಂದೆ ಬಡ್ಡಿಯ ದರ ನಮ್ಮ ಕೈಯಲ್ಲಿಲ್ಲ, ಸಂಬಳದ ಏರಿಕೆ ನಮ್ಮ ಕೈಯಲ್ಲಿಲ್ಲ, ಮಕ್ಕಳ ಶಾಲೆಯ ಶುಲ್ಕವಂತೂ ನಮ್ಮನ್ನು ಕೇಳಿ ಏರುವುದಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೊ ದರವು ಶೇಕಡಾ 4ರಿಂದ 6.5ಕ್ಕೆ ಏರಿದಾಗ, ಎಷ್ಟೋ ಮಂದಿಯ ಸಾಲದ ಅವಧಿಯು ಅವರ ಅರಿವಿಗೆ ಬರುವ ಮೊದಲೇ ವರ್ಷಗಟ್ಟಲೆ ಮುಂದಕ್ಕೆ ಸರಿದುಹೋಯಿತು. ಕಂತನ್ನು ಹೆಚ್ಚಿಸಬೇಕೋ ಅವಧಿಯನ್ನು ಹಿಗ್ಗಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಕೊಡತಕ್ಕದ್ದೆಂದು ರಿಸರ್ವ್ ಬ್ಯಾಂಕು ಆದೇಶಿಸಿದ್ದು 2023ರ ಆಗಸ್ಟಿನಲ್ಲಿ. ಇಂಥ ಸ್ಥಿತಿಯಲ್ಲಿ ಸಿಲುಕಿದ ಗೃಹಸ್ಥನು ಯಾರ ಅಪ್ಪಣೆಯನ್ನೂ ಕೇಳದೆ, ನಾಳೆ ಬೆಳಗ್ಗೆಯಿಂದಲೇ ತಿದ್ದಿಕೊಳ್ಳಬಹುದಾದ ದೊಡ್ಡ ಖರ್ಚು ಯಾವುದೆಂದು ವಿಚಾರಿಸಿ ನೋಡಿದರೆ, ಉಳಿಯುವುದು ಅಡುಗೆಮನೆಯೊಂದೇ. ಕೈಯಲ್ಲಿ ಉಳಿದಿರುವ ಆ ಒಂದು ಸ್ವಾತಂತ್ರ್ಯವನ್ನು ಅಲ್ಪವೆಂದು ತಳ್ಳಿಹಾಕುವುದು ಯಾವ ಬಗೆಯ ವಿವೇಕ?

ಇನ್ನು ಲೆಕ್ಕಕ್ಕೆ ಬರೋಣ. ಪ್ರತಿಪಕ್ಷದವರು ಅಡುಗೆಮನೆಯ ಉಳಿತಾಯವನ್ನು ಇಡೀ ಕಂತಿನೊಡನೆ ತೂಗಿ ನೋಡಿ ನಗುತ್ತಾರೆ. ತೂಗಬೇಕಾದದ್ದು ಕಂತಿನೊಡನೆಯಲ್ಲ, ಕಂತಿನೊಳಗೆ ಅಡಗಿರುವ ಅಸಲಿನೊಡನೆ. 50 ಲಕ್ಷ ರೂಪಾಯಿಯ ಸಾಲವನ್ನು ಶೇಕಡಾ 8.5ರ ಬಡ್ಡಿಗೆ 20 ವರ್ಷಗಳ ಅವಧಿಗೆ ಪಡೆದವನ ಮಾಸಿಕ ಕಂತು 43,391 ರೂಪಾಯಿ. ಮೊದಲ ತಿಂಗಳು ಕಟ್ಟಿದ ಈ ಹಣದಲ್ಲಿ 35,417 ರೂಪಾಯಿ ಬಡ್ಡಿಗೆ ಸಲ್ಲುತ್ತದೆ. ಅಸಲಿನಿಂದ ಕಳೆಯುವುದು 7,974 ರೂಪಾಯಿ ಮಾತ್ರ. ಆ ಸಂಸಾರವು ಊಟತಿಂಡಿಯ ಅಪವ್ಯಯವನ್ನು ತಡೆದು ತಿಂಗಳಿಗೆ 3,000 ರೂಪಾಯಿ ಉಳಿಸಿ, ಅದನ್ನು ಅಸಲಿಗೆ ಕಟ್ಟಿತೆನ್ನಿ. 43,391ರ ಮುಂದೆ ಅದು ಅಲ್ಪವಾಗಿ ಕಾಣಬಹುದು. 7,974ರ ಮುಂದೆ ಅದು ಮೂರನೆಯ ಒಂದು ಪಾಲಿಗಿಂತಲೂ ಅಧಿಕ. ಬಡ್ಡಿಯ ದರ ಹಾಗೆಯೇ ನಿಂತು, ತಿಂಗಳು ತಿಂಗಳೂ ಇದೇ ಕ್ರಮ ನಡೆದುಬಂದರೆ, 240 ತಿಂಗಳ ಸಾಲವು ಸುಮಾರು 204 ತಿಂಗಳಿಗೆ ತೀರುತ್ತದೆ. ಮೂರು ವರ್ಷಗಳ ಋಣ ಕಳೆಯುತ್ತದೆ. ಒಟ್ಟು ಬಡ್ಡಿಯಲ್ಲಿ 9 ಲಕ್ಷ ರೂಪಾಯಿಗೂ ಮಿಕ್ಕು ಉಳಿಯುತ್ತದೆ. ಮೊದಲ ತಿಂಗಳು ಒಂದೇ ಒಂದು ಬಾರಿ ಕಟ್ಟಿದ 3,000 ರೂಪಾಯಿ ಕೂಡ, ಅವಧಿಯ ಕೊನೆಯಲ್ಲಿ ಕಟ್ಟಬೇಕಾಗಿದ್ದ 16,000ಕ್ಕೂ ಹೆಚ್ಚಿನ ಹಣವನ್ನು ಅಳಿಸಿಹಾಕುತ್ತದೆ. ಚರದರದ ಮನೆಸಾಲಗಳಿಗೆ ಅವಧಿಪೂರ್ವ ಪಾವತಿಯ ದಂಡವನ್ನು ವಿಧಿಸಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ಬ್ಯಾಂಕುಗಳಿಗೆ ಅಪ್ಪಣೆ ಮಾಡಿದೆಯಾದುದರಿಂದ, ಹೀಗೆ ಚೂರುಚೂರಾಗಿ ಅಸಲನ್ನು ಕರಗಿಸುವ ದಾರಿ ಇಂಥ ಸಾಲಗಾರರಿಗೆಲ್ಲ ತೆರೆದೇ ಇದೆ. ಸಾಲದ ಮೊದಲ ವರ್ಷಗಳಲ್ಲಿ ಉಳಿಸಿದ ರೂಪಾಯಿಗೆ ಇರುವ ಶಕ್ತಿ ಕೊನೆಯ ವರ್ಷಗಳ ರೂಪಾಯಿಗಿಲ್ಲ; ಆದರೆ ನಮ್ಮವರು ಧಾರಾಳವಾಗಿ ಖರ್ಚು ಮಾಡುವುದು ಹೊಸ ಮನೆಗೆ ಬಂದ ಆ ಮೊದಲ ವರ್ಷಗಳಲ್ಲಿಯೇ.

ತಿಂಗಳಿಗೆ 3,000 ರೂಪಾಯಿ ಎಲ್ಲಿಂದ ಬರಬೇಕೆಂದು ಕೇಳುವವರು ಶನಿವಾರ ರಾತ್ರಿ ತಮ್ಮ ಮನೆಯ ಫ್ರಿಜ್ಜಿನ ಬಾಗಿಲನ್ನೊಮ್ಮೆ ತೆರೆದು ನೋಡತಕ್ಕದ್ದು. ತಳದ ತರಕಾರಿ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೇ ಬೆವತು ಕರಗಿದ ಕೊತ್ತಂಬರಿ, ಒಂದು ತುದಿ ಮೆತ್ತಗಾದ ಸೌತೆಕಾಯಿ, ಎಳೆಯದಿದ್ದಾಗ ಕೊಂಡು ಬಲಿಯುವವರೆಗೆ ಮರೆತ ಬೆಂಡೆಕಾಯಿ. ನಡುವಿನ ತಟ್ಟಿನಲ್ಲಿ ಬುಧವಾರ ಹೋಟೆಲಿನಿಂದ ತರಿಸಿದ ಅನ್ನದ ಅರ್ಧ ಡಬ್ಬಿ, ಅದರ ಹಿಂದೆ ಹುಳಿಯೇರಿ ಉಬ್ಬಿದ ದೋಸೆಹಿಟ್ಟಿನ ಪೊಟ್ಟಣ, ಅದರ ಪಕ್ಕದಲ್ಲಿ ಅದೇ ದಿನ ಕೊಂಡ ಇನ್ನೊಂದು ಹಿಟ್ಟಿನ ಪೊಟ್ಟಣ. ಇವುಗಳಲ್ಲಿ ಬಹುಪಾಲು ಭಾನುವಾರ ಬೆಳಗ್ಗೆ ಹಸಿಕಸದ ಬುಟ್ಟಿಗೆ ಹೋಗುತ್ತದೆ. ಬುಟ್ಟಿ ತೊಳೆಯುವ ಮೊದಲೇ ಹತ್ತು ನಿಮಿಷದೊಳಗೆ ಮನೆಬಾಗಿಲಿಗೆ ತಲಪಿಸುವ ಅಂಗಡಿಯಿಂದ ಹೊಸ ಕೊತ್ತಂಬರಿ ಬರುತ್ತದೆ. ವಾರಕ್ಕೆ ಕಸವಾಗುವ ಪದಾರ್ಥ 200 ರೂಪಾಯಿಯದು, ಮನೆಯಲ್ಲಿ ಅಡುಗೆಯಿದ್ದೂ ಹೊರಗಿನಿಂದ ತರಿಸಿಕೊಂಡ ಊಟ 550 ರೂಪಾಯಿಯದು ಎಂದಿಟ್ಟುಕೊಂಡರೂ, ನಾಲ್ಕು ವಾರಕ್ಕೆ 3,000 ಪೂರ್ತಿಯಾಯಿತು. ಇದಕ್ಕಾಗಿ ಯಾರೂ ಹೊಟ್ಟೆಗೆ ಕಡಮೆ ಮಾಡಿಕೊಳ್ಳಬೇಕಾಗಿಲ್ಲ, ಮಕ್ಕಳ ಹಾಲಿಗೆ ನೀರು ಬೆರೆಸಬೇಕಾಗಿಲ್ಲ. ತಿನ್ನದೆ ಎಸೆದದ್ದನ್ನು ಎಸೆಯದಿದ್ದರೆ ಸಾಕು.

ಆಗ ಪ್ರತಿಪಕ್ಷವು ತನ್ನ ಎರಡನೆಯ ವಾದವನ್ನು ಮುಂದಿಡುತ್ತದೆ. ನಮ್ಮ ಒಂದು ಗಂಟೆಯ ದುಡಿಮೆಗೆ ಇಷ್ಟು ಬೆಲೆಯಿರುವಾಗ, ಸೊಪ್ಪು ಸೋಸುತ್ತ ಕೂರುವುದು ನಷ್ಟವಲ್ಲವೆ ಎಂಬುದು ಆ ವಾದ. ಸಂಬಳಕ್ಕೆ ದುಡಿಯುವವನ ಸಂಜೆಯ ಗಂಟೆಯನ್ನು ಯಾರೂ ಕೊಳ್ಳುವುದಿಲ್ಲವೆಂಬ ಸರಳ ಸಂಗತಿಯನ್ನು ಇದು ಮರೆಮಾಚುತ್ತದೆ. ಸೊಪ್ಪು ಸೋಸದೆ ಉಳಿಸಿದ ಅರ್ಧ ಗಂಟೆಗೆ ಕಂಪನಿ ಹೆಚ್ಚು ಸಂಬಳ ಕೊಡುವುದಿಲ್ಲ. ಆ ಅರ್ಧ ಗಂಟೆಯು ಬಹುತೇಕ ಮೊಬೈಲಿನ ಪರದೆಯ ಮೇಲೆ ಯಾವ ಊಟ ತರಿಸಬೇಕೆಂದು ಹುಡುಕುವುದರಲ್ಲಿಯೇ ಕಳೆಯುತ್ತದೆ. ಅದೂ ಅಲ್ಲದೆ, ಸಂಪಾದನೆಯನ್ನು ಬೆಳೆಸುವುದಕ್ಕೂ ಅಪವ್ಯಯವನ್ನು ತಡೆಯುವುದಕ್ಕೂ ವಿರೋಧವೇ ಇಲ್ಲ. ಸಂಬಳ ಹೆಚ್ಚಿದಾಗ ಖರ್ಚೂ ಅದರ ಬೆನ್ನಿಗೇ ಹೆಚ್ಚುವ ಮನೆಯಲ್ಲಿ ಹೆಚ್ಚಿದ ಸಂಬಳ ಸಾಲವನ್ನು ಮುಟ್ಟುವುದೇ ಇಲ್ಲ; ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೋಣೆಗಳಲ್ಲಿದ್ದಾಗ ರೂಢಿಯಾದ ಕೈಬಿಚ್ಚು ಸ್ವಂತ ಮನೆಯಲ್ಲಿಯೂ ಮುಂದುವರಿದರೆ, ಸಂಬಳ ದುಪ್ಪಟ್ಟಾದರೂ ಋಣದ ಅವಧಿ ಮಾತ್ರ ಇದ್ದಷ್ಟೇ ಇರುತ್ತದೆ.

ಮೂರನೆಯ ವಾದ ಲೆಕ್ಕಪರಿಶೋಧಕರ ವೇಷದಲ್ಲಿ ಬರುತ್ತದೆ. ಮನೆಸಾಲವನ್ನು ಬೇಗ ತೀರಿಸಬಾರದು, ತೆರಿಗೆಯ ರಿಯಾಯಿತಿ ಹೋಗುತ್ತದೆ, ಆ ಹಣವನ್ನು ಷೇರುಪೇಟೆಯಲ್ಲಿ ತೊಡಗಿಸಿದರೆ ಹೆಚ್ಚು ಗಳಿಸಬಹುದು ಎಂದು ಉಪದೇಶಿಸುವವರುಂಟು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವನಿಗೆ ತಾನೇ ವಾಸವಾಗಿರುವ ಮನೆಯ ಸಾಲದ ಬಡ್ಡಿಗೆ ರಿಯಾಯಿತಿಯೇ ಇಲ್ಲ. ಹಳೆಯ ಪದ್ಧತಿಯಲ್ಲಿಯೂ ಅದು ವರ್ಷಕ್ಕೆ 2 ಲಕ್ಷಕ್ಕೆ ನಿಲ್ಲುತ್ತದೆ. ಮೇಲೆ ಹೇಳಿದ ಸಾಲದ ಮೊದಲ ವರ್ಷದ ಬಡ್ಡಿಯೇ 4,20,000 ರೂಪಾಯಿಯನ್ನು ಮೀರುವುದರಿಂದ, ಒಬ್ಬನೇ ಸಾಲಗಾರನಾಗಿರುವಲ್ಲಿ ಆರಂಭದ ವರ್ಷಗಳಲ್ಲಿ ಅಸಲಿಗೆ ಹೆಚ್ಚಾಗಿ ಕಟ್ಟಿದ ಹಣದಿಂದ ರಿಯಾಯಿತಿ ಒಂದು ರೂಪಾಯಿಯಷ್ಟೂ ಕಡಮೆಯಾಗುವುದಿಲ್ಲ. ಷೇರುಪೇಟೆಯ ಲಾಭ ಬರಬಹುದು, ಬಾರದಿರಬಹುದು. ಕಳೆದ ಅಸಲಿನ ಮೇಲಿನ ಬಡ್ಡಿ ನಿಶ್ಚಯವಾಗಿ ಉಳಿಯುತ್ತದೆ. ನೌಕರಿ ತಪ್ಪಿದರೆ ಆರು ತಿಂಗಳು ಸಂಸಾರ ನಡೆಸುವಷ್ಟು ಹಣವನ್ನು ಬೇರೆ ಇಟ್ಟುಕೊಂಡ ಮೇಲೆಯೇ ಅಸಲಿಗೆ ಕೈಹಾಕಬೇಕೆಂಬುದನ್ನು ಒಪ್ಪೋಣ. ಆದರೆ ಷೇರುಪೇಟೆಯಲ್ಲಿ ತೊಡಗಿಸುವುದಕ್ಕೂ ಮೊದಲು ಹಣ ಉಳಿದಿರಬೇಕಷ್ಟೆ. ಕಸದ ಬುಟ್ಟಿಗೆ ಹೋದ ಹಣವನ್ನು ಯಾವ ಪೇಟೆಯಲ್ಲಿಯೂ ತೊಡಗಿಸಲು ಬಾರದು.

ಇವೆಲ್ಲಕ್ಕಿಂತ ಬಲವಾಗಿ ಜನರನ್ನು ಹಿಡಿದಿರುವುದು ಮರ್ಯಾದೆಯ ಪ್ರಶ್ನೆ. ಅಳೆದು ಅಡುಗೆ ಮಾಡುವುದು ಜಿಪುಣತನ, ನಿನ್ನೆಯದನ್ನು ಇಂದು ಉಣ್ಣುವುದು ದಾರಿದ್ರ್ಯದ ಲಕ್ಷಣ, ಅತಿಥಿಯ ಎಲೆಯಲ್ಲಿ ಮಿಗದಷ್ಟು ಬಡಿಸಿದರೆ ಸತ್ಕಾರಕ್ಕೆ ಊನ ಎಂಬ ಭಾವನೆ ಎಲ್ಲಿಂದ ಬಂದಿತೋ, ಕನ್ನಡನಾಡಿನ ಅಡುಗೆಯ ಪರಂಪರೆಯಿಂದಂತೂ ಬಂದುದಲ್ಲ. ಹಳೆಯ ಮೈಸೂರು ಸೀಮೆಯ ಬಸ್ಸಾರನ್ನೇ ನೋಡಿ. ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಕಟ್ಟನ್ನು ಬಸಿದು, ಬಸಿದ ಕಟ್ಟಿಗೆ ಒಂದು ಹಿಡಿ ಬೆಂದ ಕಾಳನ್ನೂ ಖಾರವನ್ನೂ ರುಬ್ಬಿ ಹಾಕಿ ಸಾರು ಮಾಡಿ, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ ಮಾಡಿದರೆ, ಒಂದೇ ಒಲೆಯ ಒಂದೇ ಬೇಯುವಿಕೆಯಿಂದ ಮುದ್ದೆಗೂ ಅನ್ನಕ್ಕೂ ಸಲ್ಲುವ ಎರಡು ಪದಾರ್ಥಗಳಾದವು. ಚೆಲ್ಲುವ ನೀರಿನಲ್ಲಿ ಹೋಗಬೇಕಾಗಿದ್ದ ಸತ್ತ್ವವೂ ಹೊಟ್ಟೆಗೇ ಸೇರಿತು. ಹೀರೇಕಾಯಿಯ ಸಿಪ್ಪೆ ಚಟ್ನಿಯಾಯಿತು, ಗೊನೆ ಕಡಿದ ಬಾಳೆಯ ದಿಂಡು ಪಲ್ಯವಾಯಿತು, ಕಲ್ಲಂಗಡಿಯ ಬಿಳಿಯ ಭಾಗ ಕರಾವಳಿಯಲ್ಲಿ ದೋಸೆಯಾಯಿತು, ಹುಳಿದ ಹಿಟ್ಟು ಈರುಳ್ಳಿ ಮೆಣಸಿನಕಾಯಿ ಕೂಡಿ ಪಡ್ಡು ಆಯಿತು, ಮಿಕ್ಕ ಅನ್ನ ಅಕ್ಕಿಹಿಟ್ಟಿನೊಡನೆ ಕಲಸಿಕೊಂಡು ರೊಟ್ಟಿಯನ್ನು ಮೃದುವಾಗಿಸಿತು. ಲಾಲ್‌ಬಾಗಿನ ಬಳಿಯ ಮಾವಳ್ಳಿ ಟಿಫಿನ್ ರೂಮಿನವರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ರವೆಯಿಂದ ಇಡ್ಲಿ ಮಾಡಲು ತೊಡಗಿದುದಾಗಿ ಹೇಳುತ್ತಾರೆ. ಅಭಾವದಿಂದ ಹುಟ್ಟಿದ ಆ ತಿಂಡಿಗಾಗಿ ಇಂದಿಗೂ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಇವು ಬಡತನವನ್ನು ಮುಚ್ಚಿಕೊಳ್ಳುವ ಉಪಾಯಗಳಾಗಿರಲಿಲ್ಲ. ಪದಾರ್ಥವನ್ನು ಬಲ್ಲವರ ಕೌಶಲಗಳಾಗಿದ್ದವು. ಇದಕ್ಕೆ ಪ್ರತಿಯಾಗಿ ಇಂದಿನ ಮರ್ಯಾದೆ ಏನು ಮಾಡಿದೆ? ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಅಧ್ಯಾಪಕರು ಸುಮಾರು ಹದಿಮೂರು ಹದಿನಾಲ್ಕು ವರ್ಷಗಳ ಹಿಂದೆ ನಗರದ ಕಲ್ಯಾಣಮಂಟಪಗಳನ್ನು ಸಮೀಕ್ಷಿಸಿ, ಮದುವೆಯ ಊಟಗಳಲ್ಲಿಯೇ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ವ್ಯರ್ಥವಾಗುತ್ತಿದೆಯೆಂದು ಅಂದಾಜು ಮಾಡಿದರು. ಎಲೆಯಲ್ಲಿ ಮಿಗಿಸುವುದು ಸತ್ಕಾರದ ಪ್ರಮಾಣವಾದರೆ ಆಗುವ ಫಲ ಇದು.

ಮಿತವ್ಯಯದ ವಿರುದ್ಧ ಬರುವ ಆಕ್ಷೇಪಣೆಗಳಲ್ಲಿ ಒಂದು ಮಾತ್ರ ನಿಜವಾಗಿ ಗೌರವಾರ್ಹವಾದುದು. ಹಿಂದಿನ ಸಂಸಾರಗಳಲ್ಲಿ ಉಳಿತಾಯದ ಭಾರವೆಲ್ಲ ಹೆಂಗಸಿನ ಮೇಲೆ ಬಿದ್ದಿತ್ತು. ಎಲ್ಲರ ಊಟವಾದ ಮೇಲೆ ಉಳಿದದ್ದನ್ನು, ಹಳಸುವ ಹಂತಕ್ಕೆ ಬಂದದ್ದನ್ನು, ಮನೆಯ ಹೆಣ್ಣು ತನ್ನ ತಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಮತ್ತೆ ಆ ಕಾಲಕ್ಕೆ ಹೋಗಬೇಕೆ ಎಂದು ಕೇಳುವವರ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿರಬೇಕು. ಖಂಡಿತವಾಗಿ ಹೋಗಬಾರದು. ಒಬ್ಬರ ತಟ್ಟೆಗೆ ಬಿಸಿಯದು, ಇನ್ನೊಬ್ಬರ ತಟ್ಟೆಗೆ ತಂಗಳು ಎಂಬ ಏರ್ಪಾಡು ಮಿತವ್ಯಯವಲ್ಲ, ಅನ್ಯಾಯ. ಸಾಲದ ಕಾಗದಕ್ಕೆ ಗಂಡಹೆಂಡಿರಿಬ್ಬರೂ ಸಹಿ ಹಾಕಿರುವ ಮನೆಯಲ್ಲಿ ಉಳಿದ ಅನ್ನದ ಚಿತ್ರಾನ್ನವೂ ಇಬ್ಬರ ತಟ್ಟೆಗೂ ಸಮವಾಗಿ ಬೀಳತಕ್ಕದ್ದು; ಸಂತೆಯ ಲೆಕ್ಕ, ಸೊಪ್ಪು ಸೋಸುವ ಕೆಲಸ, ಫ್ರಿಜ್ಜಿನಲ್ಲಿ ಏನಿದೆಯೆಂಬ ನೆನಪು ಇಬ್ಬರದೂ ಆಗತಕ್ಕದ್ದು. ಇದೇ ನ್ಯಾಯವನ್ನು ಮನೆಗೆಲಸಕ್ಕೆ ಬರುವವರ ವಿಷಯಕ್ಕೂ ಅನ್ವಯಿಸಬೇಕು. ನಾವೇನೂ ಚೆಲ್ಲುವುದಿಲ್ಲ, ಕೆಲಸದವರಿಗೆ ಕೊಟ್ಟುಬಿಡುತ್ತೇವೆ ಎಂದು ತೃಪ್ತಿಪಡುವವರು ನಮ್ಮಲ್ಲಿ ಬಹಳ. ತಮಗೆ ಉಣ್ಣಲು ತಕ್ಕುದಲ್ಲವೆಂದು ಮೂರನೆಯ ದಿನ ತೀರ್ಮಾನಿಸಿದ ಸಾಂಬಾರನ್ನು ಇನ್ನೊಬ್ಬರ ಮಕ್ಕಳಿಗೆ ಕಳುಹಿಸುವುದು ದಾನವೆನಿಸದು. ಕೊಡುವ ಮನಸ್ಸಿದ್ದರೆ ಅಡುಗೆ ಇಳಿಸಿದ ಕೂಡಲೆ ಕೊಡಿ. ಅದಕ್ಕಿಂತ ಮೇಲು, ಸಂಬಳದಲ್ಲಿಯೇ ಕೊಡಿ.

ಆರೋಗ್ಯದ ಮಾತನ್ನೆತ್ತಿ ಉಳಿದ ಅನ್ನವೆಲ್ಲ ವಿಷವೆಂದು ಹೆದರಿಸುವವರಿಗೂ ಎರಡು ಮಾತು ಹೇಳಬೇಕಾಗಿದೆ. ಹೊರಗೆ ರಾತ್ರಿಯೆಲ್ಲ ಇಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು ಬೆಳೆದು, ಮತ್ತೆ ಬಿಸಿಮಾಡಿದರೂ ನಾಶವಾಗದ ವಿಷವನ್ನು ಬಿಡಬಹುದೆಂಬುದು ನಿಜ. ಹಿರಿಯರು ತಂಗಳಿನ ಬಗ್ಗೆ ತೋರಿದ ಎಚ್ಚರಕ್ಕೆ ಆಧಾರವಿಲ್ಲದೆ ಇರಲಿಲ್ಲ. ಆದರೆ ಮಾಡಿದ ಒಂದೆರಡು ಗಂಟೆಯೊಳಗೆ, ಅಗಲವಾದ ಪಾತ್ರೆಯಲ್ಲಿ ಹರಡಿ ಆರಿಸಿ ಫ್ರಿಜ್ಜಿಗೆ ಸೇರಿಸಿದ ಅನ್ನ ಮರುದಿನ ಬೆಳಗ್ಗೆ ಚೆನ್ನಾಗಿ ಬಿಸಿಯಾಗಿ ಚಿತ್ರಾನ್ನವಾಗುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅದಕ್ಕಿಂತ ಉತ್ತಮವಾದ ಮಾರ್ಗ, ನಾಲ್ವರಿಗೆ ಎಷ್ಟು ಪಾವು ಅಕ್ಕಿ ಬೇಕೆಂಬುದನ್ನು ತಿಳಿದು ಅಷ್ಟನ್ನೇ ಹಾಕುವುದು. ತಂಗಳಿಗೆ ಹೆದರುವವರು ಹೆಚ್ಚಾಗಿ ಮಾಡುವುದನ್ನು ಬಿಡಬೇಕೇ ವಿನಾ ಹೆಚ್ಚಾಗಿ ಮಾಡಿ ಚೆಲ್ಲುವುದನ್ನು ಸಮರ್ಥಿಸಬಾರದು.

ಕಡೆಯದಾಗಿ, ಚೆಲ್ಲಿದರೆ ನಮ್ಮ ಹಣ ತಾನೆ, ನಿಮಗೇನು ಎಂಬ ಉದ್ಧಟವಾದ ಪ್ರಶ್ನೆಯಿದೆ. ಚೆಲ್ಲಿದ ಅನ್ನ ಚೆಲ್ಲಿದವನ ಮನೆಯಲ್ಲಿ ಉಳಿಯುವುದಿಲ್ಲವೆಂಬುದನ್ನು ಬೆಂಗಳೂರಿಗರಷ್ಟು ಕಠಿನವಾಗಿ ಕಲಿತವರು ವಿರಳ. ಈ ನಗರದ ಕಸದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಹಸಿಕಸ. ವರ್ಷಗಟ್ಟಲೆ ಅದನ್ನು ಮಾವಳ್ಳಿಪುರಕ್ಕೂ ಮಂಡೂರಿಗೂ ಸಾಗಿಸಿ ಸುರಿದೆವು. ಅಲ್ಲಿಯ ಜನ ಕೊಳೆತ ನೀರನ್ನೂ ದುರ್ಗಂಧವನ್ನೂ ನೊಣವನ್ನೂ ಸಹಿಸಲಾರದೆ ರಸ್ತೆಗಿಳಿದು ಲಾರಿಗಳನ್ನು ತಡೆದ ಮೇಲೆ, 2012ರಲ್ಲಿ ಮಾವಳ್ಳಿಪುರವೂ 2014ರ ಕೊನೆಯಲ್ಲಿ ಮಂಡೂರೂ ಮುಚ್ಚಿದವು. ಹಸಿಕಸಕ್ಕೊಂದು ಬುಟ್ಟಿ, ತ್ಯಾಜ್ಯಕ್ಕೊಂದು ಬುಟ್ಟಿ, ಒಣಕಸಕ್ಕೊಂದು ಚೀಲ ಎಂಬ ನಿಯಮವನ್ನು ಪಾಲಿಸಬೇಕೆಂದು ಉಚ್ಚನ್ಯಾಯಾಲಯವೇ 2015ರ ಡಿಸೆಂಬರಿನಲ್ಲಿ ಆದೇಶಿಸಬೇಕಾಯಿತು. ಬನಶಂಕರಿಯ ಯಾವುದೇ ಅಡ್ಡರಸ್ತೆಯಲ್ಲಿ ಬೆಳಗ್ಗೆ ಕಸದ ಆಟೋ ಬಂದಾಗ ನಿಂತು ನೋಡಿದರೆ, ಪೌರಕಾರ್ಮಿಕರು ಬುಟ್ಟಿ ಬೋರಲು ಹಾಕುವಾಗ ಬೀಳುವುದು ಸಿಪ್ಪೆ ನಾರುಗಳಷ್ಟೇ ಅಲ್ಲ. ಮಡಿಕೆ ಬಿಚ್ಚದ ಚಪಾತಿ, ಕೈಯಿಕ್ಕದ ಅನ್ನ, ಕತ್ತರಿಸದ ಹಣ್ಣು. ಆ ರಾಶಿಯೊಳಗೆ ಬರಿಗೈ ಹಾಕಿ ಪ್ಲಾಸ್ಟಿಕ್ಕನ್ನು ಬೇರ್ಪಡಿಸುವವರು ಅವರೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯು ಜಗತ್ತಿನಲ್ಲಿ ವ್ಯರ್ಥವಾಗುವ ಆಹಾರದಲ್ಲಿ ಶೇಕಡಾ 60ರಷ್ಟು ಮನೆಗಳಿಂದಲೇ ಬರುವುದೆಂದೂ, ಭಾರತದ ಮನೆಗಳಲ್ಲಿ ತಲೆಯೊಂದಕ್ಕೆ ವರ್ಷಕ್ಕೆ ಸುಮಾರು 55 ಕಿಲೋ ವ್ಯರ್ಥವಾಗುವುದೆಂದೂ ಅಂದಾಜಿಸಿದೆ. ಮಂಡೂರಿನಂಥ ಊರುಗಳ ಬಾವಿಯ ನೀರು ಯಾರ ಸ್ವಂತ ಹಣಕ್ಕೂ ಸೇರಿದ್ದಲ್ಲ. ಆದುದರಿಂದ ಅನ್ನವನ್ನು ಕೊಂಡವನಿಗೆ ಉಣ್ಣುವ ಹಕ್ಕುಂಟು. ಚೆಲ್ಲುವ ಹಕ್ಕು ಇಲ್ಲ.

ಗೃಹಸ್ಥನ ಸಾಲವನ್ನೂ ಊರಿನ ಕಸವನ್ನೂ ಒಂದೇ ಕ್ರಿಯೆಯಿಂದ ಕಡಮೆ ಮಾಡುವ ಸಾಧನವೊಂದು ಪ್ರತಿಯೊಂದು ಮನೆಯಲ್ಲಿಯೂ ಇರುವಾಗ, ಅದನ್ನು ಅಲ್ಪವೆಂದು ಹೀಯಾಳಿಸುವ ಅಭಿಪ್ರಾಯಕ್ಕೆ ತಲೆದೂಗುವುದನ್ನು ನಾವು ನಿಲ್ಲಿಸಬೇಕು. ಓದುಗರಲ್ಲಿ ಮನೆಸಾಲ ಉಳ್ಳವರು ಈ ವಾರವೇ ಬ್ಯಾಂಕಿನ ವಿವರಪತ್ರವನ್ನು ತೆಗೆದು, ಕಳೆದ ತಿಂಗಳು ಕಟ್ಟಿದ ಕಂತಿನಲ್ಲಿ ಅಸಲಿಗೆ ಸಂದದ್ದೆಷ್ಟೆಂಬ ಒಂದು ಅಂಕಿಯನ್ನು ನೋಡಲಿ. ಅದೇ ವಾರ ಮನೆಯಿಂದ ಹೊರಗೆ ಹೋದ ತಿನ್ನಬಹುದಾಗಿದ್ದ ಪದಾರ್ಥದ ಬೆಲೆಯನ್ನು ಅದರ ಪಕ್ಕದಲ್ಲಿ ಬರೆಯಲಿ. ಆ ಎರಡು ಅಂಕಿಗಳನ್ನು ಕಣ್ಣಾರೆ ಕಂಡ ಮೇಲೂ ಅಡುಗೆಮನೆಯ ಉಳಿತಾಯ ಲೆಕ್ಕಕ್ಕಿಲ್ಲವೆಂದು ಹೇಳಬಲ್ಲವರು ಹೇಳಲಿ.